ನೀಲಗಿರಿ ತೋಪಿನವರೆಗೆ

ನನ್ನನ್ನು ಜಿಪುಣಿ ಅಂದವರ ಮೇಲೆ ನನಗೆ ಸಿಟ್ಟಿಲ್ಲ. ಹೊಲಿಗೆ ಹಾಕಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿದ ವಿಮಲಮ್ಮನ ಮಗಳು ನಾನು. ಕೈಜಾರಿ ಒಂದು ರೂಪಾಯಿ ಜಾಸ್ತಿ ಖರ್ಚಾದರೂ ಆ ದಿನವೆಲ್ಲ ಮೈ ಉರಿಯುತ್ತಿತ್ತು.

೧೯೯೭ರಲ್ಲಿ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಟೈಪಿಸ್ಟ್ ಆಗಿದ್ದೆ. ಬೆಳಿಗ್ಗೆ ಮೂಡಿಗೆರೆಯಿಂದ ಬರುವುದು, ಸಂಜೆ ವಾಪಸು. ಸ್ಟ್ಯಾಂಡಿನಲ್ಲೇ ಬಸ್ ಹತ್ತಿದರೆ ಒಂದು ಸ್ಟೇಜಿನ ದುಡ್ಡು ಹೆಚ್ಚು ಕೊಡಬೇಕು. ಎರಡು ಮೈಲಿ ನಡೆದು ನೀಲಗಿರಿ ತೋಪಿನ ಹತ್ತಿರ ಹತ್ತಿದರೆ ಒಂದು ರೂಪಾಯಿ ಉಳಿಯುತ್ತದೆ. ಬೆಳಿಗ್ಗೆ ಆಫೀಸಿಗೆ ತಡವಾಗುತ್ತದೆಂದು ಸಂಜೆ ಮಾತ್ರ ನಡೆಯುತ್ತಿದ್ದೆ. ನನ್ನ ಹಾಗೆ ನಡೆಯುವವರು ಇನ್ನೂ ನಾಲ್ಕಾರು ಮಂದಿ ಇದ್ದರು. ಅದರಲ್ಲಿ ನಾಚಿಕೆಯ ಮಾತೇನಿಲ್ಲ.

ಶಶಿಧರ್ ಸಿಕ್ಕಿದ್ದು ಆ ದಾರಿಯಲ್ಲೇ, ಜನವರಿಯಲ್ಲಿ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸ, ಊರು ಅದೇ ಬಸ್ಸಿನ ದಾರಿಯ ಆಲ್ದೂರು. ಮೊದಲ ವಾರ ನನ್ನಿಂದ ಹತ್ತು ಮಾರು ಹಿಂದೆ ನಡೆಯುತ್ತಿದ್ದರು. ಎರಡನೇ ವಾರ ಐದು ಮಾರು. ಆಮೇಲೆ ಒಂದು ದಿನ ಪಕ್ಕಕ್ಕೆ ಬಂದು, "ಈ ಉಳಿಸಿದ ದುಡ್ಡಲ್ಲಿ ಎಲ್ಲಿಗೆ ಹೋಗ್ಬೇಕು ಅಂತಿದೀರಿ?" ಎಂದು ಕೇಳಿದರು. ಎಲ್ಲಿಗೂ ಇಲ್ಲ, ಗೋಲಕಕ್ಕೆ ಅಂದೆ. ಅವರು ನಕ್ಕರು.

"ಹದಿನೈದು ದಿನ ಆಯ್ತಲ್ಲ. ಹದಿನೈದು ರೂಪಾಯಿಗೆ ಹಾಸನ ಬಂತು. ನೋಡಿ, ಇದೇ ಹಾಸನ."

ರಸ್ತೆಯ ಎರಡು ಬದಿಯೂ ಮಂಜು. ಸಿಲ್ವರ್ ಓಕ್ ಮರಗಳ ತುದಿ ಕಾಣುತ್ತಿರಲಿಲ್ಲ. ಇದು ಹಾಸನವಲ್ಲ ಅನ್ನಲು ನನ್ನ ಹತ್ತಿರ ಯಾವ ಸಾಕ್ಷಿಯೂ ಇರಲಿಲ್ಲ.

ಹಾಗೆ ನಮ್ಮ ಮಾತಿನ ಪ್ರಯಾಣ ಶುರುವಾಯಿತು. ದಿನಕ್ಕೊಂದು ರೂಪಾಯಿ, ರೂಪಾಯಿಗೆ ನಾಲ್ಕು ಕಿಲೋಮೀಟರು. ಫೆಬ್ರವರಿಯಲ್ಲಿ ಅರಸೀಕೆರೆ, ಹೊಸದುರ್ಗ, ಚಿತ್ರದುರ್ಗ. ಬಸ್ಸು ಊಟಕ್ಕೆ ಎಲ್ಲಿ ನಿಲ್ಲುತ್ತದೆ, ಕಿಟಕಿ ಪಕ್ಕ ಯಾರು ಕೂರಬೇಕು ಎಂದೆಲ್ಲ ಜಗಳವಾಡುತ್ತಿದ್ದೆವು. ಮಾರ್ಚಿನ ಮೊದಲ ಮಳೆ ಬಿದ್ದು ತೋಟಗಳೆಲ್ಲ ಬೆಳ್ಳಗೆ ಹೂಬಿಟ್ಟಾಗ, ಆ ಪರಿಮಳದಲ್ಲಿ ನಾವು ಹೊಸಪೇಟೆಯಲ್ಲಿ ಇಳಿದು ತುಂಗಭದ್ರೆಯ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೆವು. ನನ್ನ ಪಾದ ನಿಜವಾಗಿಯೂ ತಣ್ಣಗಾಗಿತ್ತು. ಮನೆಗೆ ಬಂದು ಊಟಕ್ಕೆ ಕೂತರೂ ಬಸ್ಸು ಓಡುತ್ತಲೇ ಇರುತ್ತಿತ್ತು. ಅವರೆಂದರೆ ನನಗೆ ಪ್ರಾಣ ಎಂದು ಆಗಲೇ ಗೊತ್ತಾಗಿತ್ತು. ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಏಪ್ರಿಲ್ ಒಂದನೇ ತಾರೀಕು ನಮ್ಮ ಮ್ಯಾನೇಜರಿಗೆ ಇಲ್ಲದ ಧಾರಾಳತನ ಬಂತು. ದೂರದಿಂದ ಬರುವವರಿಗೆಲ್ಲ ಕಂಪನಿ ಖರ್ಚಿನಲ್ಲಿ ತಿಂಗಳ ಬಸ್ ಪಾಸು! ಉಳಿದವರೆಲ್ಲ ಸಿಹಿ ಹಂಚಿದರು. ನನಗೆ ಅಳು ಬಂತು. ಪಾಸು ಇದ್ದವಳು ಎರಡು ಮೈಲಿ ಯಾಕೆ ನಡೆಯುತ್ತಾಳೆ? ನಡೆಯದಿದ್ದರೆ ಅವರು ಎಲ್ಲಿ ಸಿಗುತ್ತಾರೆ?

ಬೆಳಿಗ್ಗೆ ಪಾಸು ತೋರಿಸುತ್ತಿದ್ದೆ. ಸಂಜೆ ಅದನ್ನು ಬ್ಯಾಗಿನ ತಳಕ್ಕೆ ತುರುಕಿ, ತೋಪಿನವರೆಗೆ ನಡೆದು, ಅವರ ಎದುರಿಗೆ ಕಾಸು ಕೊಟ್ಟು ಟಿಕೇಟು ತೆಗೆದುಕೊಳ್ಳುತ್ತಿದ್ದೆ. ದಿನಾ ದಂಡ. ವಿಮಲಮ್ಮನ ಮಗಳು! ಆದರೂ ಮೈ ಉರಿಯಲಿಲ್ಲ. ಬಿಜಾಪುರ ದಾಟಿದೆವು, ಸೊಲ್ಲಾಪುರ ದಾಟಿದೆವು. ಆಗಸ್ಟಿನಲ್ಲಿ ಒಂದೇ ಕೊಡೆಯಡಿ ಪುಣೆಗೆ ಹತ್ತಿರವಾಗಿದ್ದೆವು.

ಬೆಳಗಿನ ಬಸ್ಸಿನ ಕಂಡಕ್ಟರ್ ಮಲ್ಲಿಕಾರ್ಜುನಪ್ಪನವರಿಗೆ ಸಂಜೆಗೆ ಡ್ಯೂಟಿ ಬದಲಾದದ್ದು ಆಗಲೇ. ನಾನು ದುಡ್ಡು ಚಾಚಿದೆ.

"ಎಂತದಮ್ಮಾ ಇದು? ಬೆಳಿಗ್ಗೆ ಬಸ್ಸಲ್ಲಿ ದಿನಾ ಪಾಸು ತೋರಿಸ್ತಿದ್ರಲ್ಲ! ಏಪ್ರಿಲ್‌ನಿಂದ ನೋಡಿದೀನಿ. ಪಾಸ್ ಇಟ್ಕೊಂಡು ದುಡ್ಡು ಕೊಡ್ತೀರಲ್ಲ ಮಾರಾಯ್ತಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಶಶಿಧರ್ ನಗಲಿಲ್ಲ. ಆಲ್ದೂರಿನಲ್ಲಿ ಇಳಿಯುವಾಗ ಮೆಲ್ಲಗೆ ಕೇಳಿದರು, "ಹಂಗಾರೆ ಏಪ್ರಿಲ್‌ನಿಂದ ನೀವು ಒಂದು ರೂಪಾಯೀನೂ ಉಳಿಸಿಲ್ಲ. ಹೊಸಪೇಟೆಯಿಂದ ಆಚೆಗೆ ನೀವು ನನ್ನ ಜೊತೆ ಬಂದೇ ಇಲ್ವಾ? ಸುಮ್ನೆ ನನ್ನ ಆಟ ಆಡಿಸ್ತಿದ್ರಾ?" ಮಲ್ಲಿಕಾರ್ಜುನಪ್ಪ ಸೀಟಿ ಊದಿದರು. ಬಸ್ಸು ಹೊರಟಿತು.

ಮಾರನೇ ದಿನ ಸಂಜೆ ಸ್ಟ್ಯಾಂಡಿನಲ್ಲೇ ಹತ್ತಿ, ಪಾಸು ತೋರಿಸಿ, ಕಿಟಕಿ ಪಕ್ಕ ಬಿಗುಮಾನದಿಂದ ಕೂತೆ. ಒಬ್ಬ ಮನುಷ್ಯನಿಗೆ ಅಷ್ಟೂ ಅರ್ಥವಾಗದಿದ್ದರೆ ನಾನೇನು ಮಾಡಲಿ ಎಂದು ಮನಸ್ಸಿನಲ್ಲೇ ಅವರನ್ನು ಬೈಯುತ್ತಿದ್ದೆ. ಊರು ದಾಟಿತು. ಮಂಜಿನಲ್ಲಿ ಒಂದು ಕೊಡೆ ಕಾಣಿಸಿತು. ಅವರು ನಡೆಯುತ್ತಿದ್ದರು, ತೀರಾ ನಿಧಾನವಾಗಿ. ಇಡೀ ಕೊಡೆಯನ್ನು ಬಲಕ್ಕೆ, ನಾನು ನಡೆಯುವ ಕಡೆಗೆ, ವಾಲಿಸಿ ಹಿಡಿದಿದ್ದರು. ಎಡ ಭುಜ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿತ್ತು.

"ಹೋಲ್ಡಾನ್!" ಎಂದು ಕಿರುಚಿದೆ.

"ಈಗಷ್ಟೇ ಹತ್ತಿದ್ರಲ್ಲ! ಮೂಡಿಗೆರೆ ತನಕ ಪಾಸ್ ಇದೆ!" ಮಲ್ಲಿಕಾರ್ಜುನಪ್ಪ ಗೊಣಗಿದರು.

"ಇರಲಿ ಬಿಡಿ. ಇಳೀಬೇಕು."

ಬಸ್ಸು ಹೋದ ಮೇಲೆ ರಸ್ತೆಯಲ್ಲಿ ಮಳೆಯ ಸದ್ದು ಮಾತ್ರ ಉಳಿಯಿತು. ಅವರು ಹತ್ತಿರ ಬಂದು ನಿಂತರು. ಹಿಂದಿನ ಸಂಜೆ ಹೇಳಬೇಕಿದ್ದ ಮಾತನ್ನು ಆಗ ಹೇಳಿದೆ.

"ಹೊಸಪೇಟೆಯಿಂದ ಆಚೆಗೂ ಬಂದಿದೀನಿ ಶಶಿಧರ್. ನೀವು ಉಳಿಸ್ಕೊಂಡು ಬಂದ್ರಿ. ನಾನು ದಿನಾ ದುಡ್ಡು ಕೊಟ್ಟು ಬಂದೆ."

ಅವರು ಕೊಡೆಯನ್ನು ನನ್ನ ತಲೆಯ ಮೇಲಕ್ಕೆ ತಂದರು. ಆಮೇಲೆ ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.