ಹತ್ತು ನಿಮಿಷ ಮುಂದಿದ್ದ ಜೇವರ್ಗಿ

ಆಳಂದ, ಅಫಜಲಪುರ, ಜೇವರ್ಗಿಯ ಮೂರು ಕಾಲೇಜುಗಳೂ ಒಂದೇ ಸಂಸ್ಥೆಯವು. ಮೂರಕ್ಕೂ ಒಂದೇ ಲಾಗಿನ್ ಸಾಕಾಗುವಂತೆ ಮಾಡುವುದು ಭಾಗ್ಯಜ್ಯೋತಿಯ ಕೆಲಸ. ವಿದ್ಯಾರ್ಥಿ ಎಲ್ಲಿಂದ ಪಾಸ್‌ವರ್ಡ್ ಕೊಟ್ಟರೂ ಆಳಂದದ ಸರ್ವರ್ ಗುರುತು ಹಿಡಿದು 'ಇವಳು ನಮ್ಮವಳೇ' ಎಂದು ಚೀಟಿ ಬರೆಯುತ್ತದೆ. ಉಳಿದೆರಡು ಊರಿನ ಸರ್ವರ್‌ಗಳು ಅದನ್ನು ನಂಬಿ ಒಳಗೆ ಬಿಡುತ್ತವೆ. ಚೀಟಿಯ ಆಯುಷ್ಯ ಐದೇ ನಿಮಿಷ.

ಅಫಜಲಪುರ ನಿನ್ನೆಯೇ ಒಪ್ಪಿತ್ತು. ಜೇವರ್ಗಿ ಬೆಳಗಿನಿಂದ ಒಲ್ಲೆನೆನ್ನುತ್ತಿತ್ತು. ನಾಳೆ ಮೂರೂ ಕಡೆ ಇದೇ ಲಾಗಿನ್‌ನಲ್ಲಿ ವಿದ್ಯಾರ್ಥಿವೇತನದ ಪರೀಕ್ಷೆ. ಸಂಜೆಯೊಳಗೆ ಆಗದಿದ್ದರೆ ಜೇವರ್ಗಿಯ ನಲವತ್ತು ಹುಡುಗಿಯರನ್ನು ಬಿಟ್ಟೇ ನಡೆಸುತ್ತೇವೆ ಎಂದು ಮುಖ್ಯ ಕಚೇರಿ ಹೇಳಿಬಿಟ್ಟಿತ್ತು.

ಜೇವರ್ಗಿಯ ಲ್ಯಾಬಿನಲ್ಲಿ ಕುಳಿತು ಅವಳು ಸರ್ವರ್‌ನ ವಿಳಾಸ, ಚೀಟಿಯ ಸಹಿ, ಎಲ್ಲವನ್ನೂ ಮೂರು ಸಲ ನೋಡಿದಳು. ಮಧ್ಯಾಹ್ನದ ಫ್ಯಾನು ಜೋಗುಳದಂತೆ ಗುಂಯ್‌ಗುಡುತ್ತಿತ್ತು. ಅರೆಮುಚ್ಚಿದ ಕಣ್ಣಿಗೆ ಚೀಟಿಯೊಂದು ಬೆಳ್ಳಕ್ಕಿಯಾಗಿ ತೊಗರಿ ಹೊಲಗಳ ಮೇಲೆ ಹಾರಿ, ಭೀಮೆ ದಾಟಿ ಬಂದಂತೆ ಕಂಡಿತು. ಹೊಸ್ತಿಲಲ್ಲಿ ಯಾರೋ ಅದಕ್ಕೆ ಮೆಲ್ಲಗೆ ಅಂದರು: 'ತಡಾ ಮಾಡಿದಿ, ತಂಗಿ.'

ಕಣ್ಣು ತೆರೆದಳು. ಮೊಬೈಲಿನಲ್ಲಿ ಮೂರೂ ಹತ್ತು. ಸರ್ವರ್‌ನಲ್ಲಿ ಮೂರೂ ಇಪ್ಪತ್ತು. ಗೋಡೆಯ ಗಡಿಯಾರದಲ್ಲೂ ಅಷ್ಟೇ.

"ಚಾಚಾ, ಈ ಗಡಿಯಾರ ಮುಂದ ಅದ ಅಲ್ರಿ?"

"ಹೌದ್ರಿ ಮೇಡಮ್, ನಾನಽ ಇಟ್ಟೇನಿ," ಎಂದ ಲ್ಯಾಬು ನೋಡಿಕೊಳ್ಳುವ ಯಾಕೂಬಸಾಬ. "ನೆಲೋಗಿ ಬಸ್ಸು ತಪ್ಪಿದ್ರ ಹುಡುಗ್ಯಾರು ನನ್ನ ತಲಿ ತಿಂತಾರ."

"ಸರ್ವರ್‌ದು?"

"ಅದರ ಟೈಮ್ ಕೆಟ್ಟಿತ್ರಿ. ಗೋಡಿ ನೋಡಿ ಹಚ್ಚೇನಿ. ಒಂದಽ ಖೋಲಿಯೊಳಗ ಎರಡು ಟೈಮ್ ಇದ್ರ ಚೆಂದ ಕಾಣ್ತದೇನ್ರಿ?"

"ಆಳಂದದ ಚೀಟಿ ಇಲ್ಲಿ ಬರೂದ್ರಾಗ ಹಳಸಾಕತ್ತಾವ, ಚಾಚಾ."

"ಆಳಂದ ಮಂದಿ ಹಿಂದ ಅದಾರಂತ ನಾ ಮೊದಲಽ ಅಂದಿದ್ದೆ!"

ನಗುತ್ತಲೇ ಅವಳು ಸರ್ವರ್‌ನ ಸಮಯವನ್ನು ಹಿಂದಕ್ಕೆ ಎಳೆದಳು. ಕಿಟಕಿಯ ಬಿಸಿಲು ಒಂದು ಗೇಣು ಹಿಂದೆ ಸರಿದಂತೆ, ಗೇಟು ದಾಟಿದವರು ನಾಲ್ಕು ಹೆಜ್ಜೆ ಮರಳಿ ಬಂದಂತೆ ಅನಿಸಿತು.

ಬೆಳಗಿನಿಂದ ಕಾದಿದ್ದ ವಿದ್ಯಾರ್ಥಿನಿ ನಿಶಾತ ಪಾಸ್‌ವರ್ಡ್ ಒತ್ತಿದಳು. ಪರದೆಯ ಮೇಲೆ ಸಣ್ಣ ಚಕ್ರ ತಿರುಗಿತು, ತಿರುಗಿತು. ನಿಂತಿತು. ಪರೀಕ್ಷೆಯ ಪುಟದ ತಲೆಯಲ್ಲಿ ಅವಳ ಹೆಸರಿತ್ತು.

"ಮೇಡಮ್, ಆಳಂದ ನಾ ನೋಡೇ ಇಲ್ರಿ. ಅದಕ್ಕ ನಾ ಗೊತ್ತೇನ್ರಿ?"

"ಗೊತ್ತದ. ಉಳಿದವ್ರನ್ನ ಕರಿ."

ನಿಶಾತ ಆಗಲೇ ವರಾಂಡದಲ್ಲಿದ್ದಳು. "ಬರ್ರೇ ಎಲ್ಲಾರೂ! ನಾಳೆ ನಾವೂ ಬರೀತೇವಿ!"