ಅವಳ ಹೊಲಿಗೆ ಮೂಲೆಯನ್ನು ಓರಣ ಮಾಡಿದ್ದು

ನನ್ನ ಹೆಂಡತಿ ತೀರಿಕೊಂಡು ಒಂದು ವರ್ಷ ಎರಡು ತಿಂಗಳಾಯಿತು. ಅವಳ ಕಾಯಿಲೆಯ ವಿಷಯವನ್ನು ಕೇಳಿದವರಿಗೆಲ್ಲ ಹೇಳಿದ್ದೇನೆ. ಅವಳ ಹೊಲಿಗೆ ಮೂಲೆಯ ವಿಷಯವನ್ನು ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಪ್ರಾರ್ಥನೆಗೆ ಕೂತಾಗ ದೇವರಿಗಾದರೂ ಹೇಳೋಣವೆಂದು ಹೊರಡುತ್ತೇನೆ. ಆತನಿಗೆ ಗೊತ್ತೇ ಇದೆಯಲ್ಲ ಎಂದುಕೊಂಡು ಎದ್ದುಬಿಡುತ್ತೇನೆ. ಗೊತ್ತಿರುವವನ ಮುಂದೆ ಬಾಯಿ ಮುಚ್ಚಿಕೊಂಡಿರುವುದೂ ಒಂದು ಬಗೆಯ ಸುಳ್ಳೇ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬಸ್ ಡಿಪೋದ ಬಿಡಿಭಾಗಗಳ ಉಗ್ರಾಣದಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು. ಸೂರು ಮುಟ್ಟುವ ಕಬ್ಬಿಣದ ಗೂಡುಗಳು, ಪ್ರತಿ ಗೂಡಿನಲ್ಲೂ ತಗಡಿನ ಟ್ರೇಗಳು, ಪ್ರತಿ ಟ್ರೇಗೂ ದಾರದಲ್ಲಿ ಕಟ್ಟಿದ ಒಂದು ರಟ್ಟಿನ ಚೀಟಿ. ಮೆಕ್ಯಾನಿಕ್ ಕಿಟಕಿಗೆ ಬಂದು ಬ್ರೇಕಿನ ಸ್ಪ್ರಿಂಗ್ ಬೇಕೆಂದರೆ, ಅವನು ಮುಖದ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅದು ಅವನ ಅಂಗೈಯಲ್ಲಿರುತ್ತಿತ್ತು. ಡಿಪೋದವರು ನನಗೆ ಚೀಟಿ ಮಾಸ್ತರು ಎಂದು ಅಡ್ಡಹೆಸರಿಟ್ಟಿದ್ದರು. ಅವರು ಗೇಲಿಗೆ ಇಟ್ಟದ್ದನ್ನು ನಾನು ಬಿರುದಿನಂತೆ ಹೊತ್ತು ತಿರುಗಿದೆ.

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ನಮ್ಮದು ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಬೀದಿ ಕಡೆಯ ಕಿಟಕಿಯ ಕೆಳಗೆ ಅವಳ ಯಂತ್ರ, ಅದರ ಸುತ್ತ ಅವಳ ರಾಜ್ಯ. ಯಂತ್ರದ ಎಡಕ್ಕೆ ಮೊಣಕಾಲೆತ್ತರದ ಚಿಂದಿಯ ಗುಡ್ಡೆ. ಹೊಲಿದುಕೊಟ್ಟ ಪ್ರತಿಯೊಂದು ಬಟ್ಟೆಯ ಒಂದು ತುಂಡನ್ನಾದರೂ ಅವಳು ಉಳಿಸಿಕೊಳ್ಳುತ್ತಿದ್ದಳು. ಗುಂಡಿಗಳು ಔಷಧದ ಸೀಸೆಯಲ್ಲಿ, ಕನ್ನಡಕ ನೂಲಿನ ಬುಟ್ಟಿಯಲ್ಲಿ, ಕರೆಂಟಿನ ರಸೀದಿ ಉಪ್ಪಿನ ಡಬ್ಬಿಯ ಅಡಿಯಲ್ಲಿ, ಕತ್ತರಿ ಮಗಳು ಹುಟ್ಟಿದ ವರ್ಷದ ಕ್ಯಾಲೆಂಡರಿನ ಮೊಳೆಗೆ. ಡಿಪೋದಿಂದ ಬಂದವನಿಗೆ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು.

"ನಿನ್ನ ರಾಜ್ಯದಲ್ಲಿ ಒಂದು ಸೂಜಿ ಹುಡುಕಬೇಕು ಅಂದ್ರೆ ಪೊಲೀಸರನ್ನೇ ಕರೆಸ್ಬೇಕು ಕಣೇ."

"ಪೊಲೀಸರು ಯಾಕೆ, ನನ್ನ ಕೇಳಿ. ಯಾವ ಸೂಜಿ ಬೇಕು ಹೇಳಿ."

ಕೇಳಿದರೆ ಕೊಡುತ್ತಿದ್ದಳು. ತಲೆಯೆತ್ತದೆ, ಯಂತ್ರ ನಿಲ್ಲಿಸದೆ, ಎಡಗೈ ಚಾಚಿ ಗುಡ್ಡೆಯೊಳಗಿನಿಂದ ತೆಗೆದುಕೊಡುತ್ತಿದ್ದಳು. ನಾನು ಸೋತೆನೆಂದು ಒಪ್ಪಿಕೊಂಡವನಲ್ಲ. ದಿನಕ್ಕೊಮ್ಮೆಯಾದರೂ ಗೊಣಗುತ್ತಿದ್ದೆ. ತಮಾಷೆಗೆ ಗೊಣಗುತ್ತಿದ್ದೆ ಎಂದೇ ನನ್ನ ತಿಳಿವಳಿಕೆಯಾಗಿತ್ತು.

ನಾನು ನಿವೃತ್ತನಾದ ಮರುವರ್ಷ ಅವಳ ಮರೆವು ಕಣ್ಣಿಗೆ ಬಿತ್ತು. ಒಂದೇ ಅಂಗಿಗೆ ಬಲಗಡೆಯ ತೋಳನ್ನು ಎರಡು ಸಲ ಕತ್ತರಿಸಿದಳು. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟು ಕೆಳಗಿನ ಮನೆಯವರ ಜೊತೆ ಮಾತಿಗೆ ನಿಂತಳು. ಅದು ಎರಡನೆಯ ಸಲ ಆದಾಗ ಪರದೆಗೂ ಬೆಂಕಿ ತಗುಲಿತು. ಡಾಕ್ಟರು ತಲೆಯ ಚಿತ್ರ ತೆಗೆಸಿ, ಇದು ನಿಧಾನಕ್ಕೆ ಹೆಚ್ಚುತ್ತಲೇ ಹೋಗುವ ಕಾಯಿಲೆ ಎಂದರು. ಮಗಳು ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು, ನಾಲ್ಕು ಬೀದಿ ಆಚೆ ಇರುವವಳು. ಅವಳು ಬಂದು ಪರದೆಯ ಕರಕಲನ್ನು ಮುಟ್ಟಿ ನೋಡಿದಳು. ಆಮೇಲೆ, ಮತ್ತೊಂದು ಸಲ ಹೀಗಾದರೆ ಮರೆವಿನವರನ್ನು ನೋಡಿಕೊಳ್ಳುವ ಮನೆಗೆ ಅಮ್ಮನನ್ನು ಸೇರಿಸಲೇಬೇಕಾಗುತ್ತದೆ, ತಾನಾಗಲೇ ಒಂದೆರಡು ಕಡೆ ವಿಚಾರಿಸಿದ್ದೇನೆ ಎಂದಳು. ನಾನು ಬದುಕಿರುವವರೆಗೆ ಅವಳು ಈ ಮನೆ ಬಿಟ್ಟು ಹೋಗಬಾರದು. ಅಂದು ದೇವರಲ್ಲಿ ಕೇಳಿಕೊಂಡದ್ದು ಅದೊಂದನ್ನೇ.

ದಾರಿ ತೋರಿಸಿದವಳೂ ಮಗಳೇ. ಇಂಟರ್ನೆಟ್ಟಿನಲ್ಲಿ ಮನೆ ಓರಣ ಮಾಡುವುದನ್ನು ಕಲಿಸುವವರಿದ್ದಾರೆ, ಬಿಡುವಾಗಿ ನೋಡು ಎಂದು ಫೋನಿಗೆ ಹಾಕಿಕೊಟ್ಟಳು. ಬಿಳಿ ಗೋಡೆಯ ಮುಂದೆ ನಿಂತ ಒಬ್ಬ ಹೆಂಗಸು ದಿನಕ್ಕೊಂದು ಪಾಠದಂತೆ ಮೂವತ್ತು ದಿನ ಹೇಳಿಕೊಡುತ್ತಿದ್ದಳು. ಒಮ್ಮೆಗೆ ಒಂದೇ ಮೂಲೆ ಹಿಡಿಯಿರಿ. ಕೈ ಹಾಕುವ ಮೊದಲು ಆ ಮೂಲೆಯ ಫೋಟೋ ತೆಗೆಯಿರಿ. ನಾಲ್ಕು ಪೆಟ್ಟಿಗೆ ಇಡಿ: ಇಡುವುದು, ಕೊಡುವುದು, ಎಸೆಯುವುದು, ಗೊತ್ತಿಲ್ಲದ್ದು. ಇನ್ನೊಂದು ಪುಟದಲ್ಲಿ ಡಬ್ಬಿಗೆ ಅಂಟಿಸುವ ಚೀಟಿಗಳು ಬಿಟ್ಟಿಯಾಗಿ ಸಿಗುತ್ತಿದ್ದವು. ಮತ್ತೊಂದು ಕಡೆ, ಬೇಡವಾದ ಸಾಮಾನಿನ ಚಿತ್ರ ಹಾಕಿದರೆ ಬೇಕಾದವರು ಮನೆಗೇ ಬಂದು ಒಯ್ಯುತ್ತಿದ್ದರು. ಮರೆವಿನವರಿರುವ ಮನೆಗಳಿಗೆಂದೇ ಬರೆದದ್ದೂ ಒಂದಿತ್ತು. ಕಪಾಟುಗಳಿಗೆ ಹೆಸರು ಬರೆಯಿರಿ, ನಡೆಯುವ ದಾರಿಯಲ್ಲಿ ಏನೂ ಇಡಬೇಡಿ ಎಂದಿತ್ತು. ಒಳ್ಳೆಯ ಮಾತುಗಳೇ. ಅವರ ಮೇಲೆ ನನ್ನ ದೂರಿಲ್ಲ. ಅದೇ ಪುಟದ ಕೊನೆಯಲ್ಲಿ, ಮರೆವಿನವರ ಜೊತೆ ಕೂತು, ಅವರನ್ನು ಕೇಳಿ ಕೇಳಿ ಮಾಡಿ ಎಂದೂ ಇತ್ತು. ಅದನ್ನೂ ಓದಿದೆ.

ಮೂವತ್ತು ದಿನದ ಪಾಠವನ್ನು ನಾನು ಒಂಬತ್ತು ದಿನದಲ್ಲಿ ಮುಗಿಸಿದೆ. ಎಷ್ಟೋ ಕಾಲದ ಮೇಲೆ ಕೈಗೆ ಕೆಲಸ ಸಿಕ್ಕಿತ್ತು. ಡಿಪೋದ ಕ್ರಮವನ್ನೇ ಮನೆಗೂ ತಂದೆ. ಅಡುಗೆಯದು ಅ, ಬಟ್ಟೆಯದು ಬ, ಹೊಲಿಗೆಯದು ಹ. ಸಕ್ಕರೆ ಅ-ನಾಲ್ಕು, ಉಪ್ಪು ಅ-ಐದು, ಬಿಳಿ ನೂಲು ಹ-ಒಂದು. ಬಾಗಿಲ ಹಿಂದೆ ಪಟ್ಟಿ ತೂಗುಹಾಕಿದೆ. ಮಗಳು ಬಂದವಳು ಓದಿ, "ಅಪ್ಪಾ, ಇದು ಮನೇನಾ ಡಿಪೋನಾ? ಅಮ್ಮ ಉಪ್ಪು ಬೇಕು ಅಂದ್ರೆ ಅರ್ಜಿ ಬರೀಬೇಕಾ?" ಎಂದು ನಕ್ಕಳು. ನಾನೂ ನಕ್ಕೆ. ನಂಬರುಗಳನ್ನು ಕಿತ್ತು ಹೆಸರು ಬರೆದು, ಪಕ್ಕದಲ್ಲಿ ಚಿತ್ರವನ್ನೂ ಅಂಟಿಸಿದೆ.

ಹೊಲಿಗೆ ಮೂಲೆಯನ್ನು ಕೊನೆಗಿಟ್ಟುಕೊಂಡಿದ್ದೆ. ಆ ದಿನ ಮಗಳು ಅವಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ಪಾಠದಲ್ಲಿ ಹೇಳಿದಂತೆ ಐದಾರು ಫೋಟೋ ತೆಗೆದೆ. ಆಮೇಲೆ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿದೆ, ನೂಲನ್ನು ದಪ್ಪದ ಪ್ರಕಾರ. ಕ್ಯಾಲೆಂಡರನ್ನು ಎಸೆಯುವ ಪೆಟ್ಟಿಗೆಗೆ ಹಾಕಿ ಮೊಳೆಯನ್ನು ಕಿತ್ತೆ. ಚಿಂದಿ ನಾಲ್ಕು ಚೀಲ ಆಯಿತು. ಅದರ ಚಿತ್ರ ಹಾಕಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಮಕ್ಕಳ ಬೊಂಬೆ ಮಾಡುವ ಒಬ್ಬ ಹೆಂಗಸು ಬಂದು ಒಯ್ದಳು. ಯಾರಿಗೋ ಉಪಯೋಗವಾಯಿತಲ್ಲ, ಇದೂ ಒಂದು ಸೇವೆಯೇ ಎಂದು ದೇವರನ್ನು ನೆನೆದೆ. ಹಾಗೆ ನೆನೆದದ್ದು ಈಗಲೂ ಎದೆಗೆ ಚುಚ್ಚುತ್ತದೆ.

ಹೆಂಡತಿ ಬಂದಳು. ಯಂತ್ರದ ಮುಂದೆ ಕೂತಳು. ಎಡಗೈ ಚಾಚಿದಳು. ಕೈಗೆ ನುಣ್ಣಗಿನ ನೆಲ ಸಿಕ್ಕಿತು. ಮತ್ತೊಮ್ಮೆ ಚಾಚಿದಳು. ನಾನು ಪಕ್ಕದಲ್ಲಿ ನಿಂತು ಯಾವ ಡಬ್ಬಿಯಲ್ಲಿ ಏನಿದೆಯೆಂದು ಉತ್ಸಾಹದಿಂದ ಓದಿ ಹೇಳಿದೆ. ಅವಳು ತಲೆಯಾಡಿಸಿ, "ಚೆನ್ನಾಗಿದೆ. ನಿಮಗೆ ಖುಷಿಯಾಯ್ತಲ್ಲ" ಎಂದಳು. ಬೈದಿದ್ದರೆ, ಅತ್ತಿದ್ದರೆ, ಆಗಲೇ ಓಡಿಹೋಗಿ ಚೀಲಗಳನ್ನು ತರುತ್ತಿದ್ದೆನೋ ಏನೋ. ಅವಳು ಎದ್ದು ಹೋಗಿ ಮಂಚದ ಮೇಲೆ ಕೂತಳು. ಆಮೇಲೆ ಯಂತ್ರ ತುಳಿಯಲೇ ಇಲ್ಲ.

ಮನೆ ಸುರಕ್ಷಿತವಾಯಿತು, ನಿಜ. ಆದರೆ ಅವಳು ಇದ್ದಲ್ಲಿಯೇ ದಾರಿ ತಪ್ಪಿದಳು. ಕನ್ನಡಕಕ್ಕೆಂದು ಎದ್ದವಳು ಕೋಣೆಯ ನಡುವೆ ನಿಂತುಬಿಡುತ್ತಿದ್ದಳು. ಕನ್ನಡಕ ಎಂದು ಬರೆದ ಡಬ್ಬಿ ಕಣ್ಣೆದುರಿಗೇ ಇರುತ್ತಿತ್ತು. ಓದಲು ಅವಳಿಗೆ ಬರುತ್ತಿತ್ತು, ಓದಿ ಹುಡುಕುವ ಅಭ್ಯಾಸ ಮಾತ್ರ ಎಂದೂ ಇರಲಿಲ್ಲ. ತಿಂಗಳೊಳಗೆ, ಸಂಜೆಯಾದರೆ ಸಾಕು, ಚಪ್ಪಲಿ ಮೆಟ್ಟಿಕೊಂಡು, ಹೊತ್ತಾಯ್ತು, ಮನೆಗೆ ಹೋಗೋಣ ಎನ್ನಲು ಶುರುಮಾಡಿದಳು.

ನನ್ನ ಕಣ್ಣು ತೆರೆಸಿದವರು ಕೆಳಗಿನ ಮನೆಯ ಟೀಚರಮ್ಮ. ಅವರು ಒಂದು ಬೆಳಿಗ್ಗೆ ನೋಡಿಕೊಂಡು ಹೋಗಲು ಬಂದಾಗ ನನ್ನ ಹೆಂಡತಿ ಯಾರಿವರು ಎಂಬಂತೆ ನನ್ನ ಮುಖ ನೋಡಿದಳು. ಇಪ್ಪತ್ತು ವರ್ಷದ ಗೆಳತಿ. ಟೀಚರಮ್ಮ ಕಣ್ಣೊರೆಸಿಕೊಂಡು, ಎರಡು ತಿಂಗಳ ಹಿಂದೆ ಕೂಡ ಹೀಗೇ ಆಗಿತ್ತು, ಆದರೆ ಆವತ್ತು ಇವರು ಗುಡ್ಡೆಗೆ ಕೈ ಹಾಕಿ ತಡಕಾಡಿ ಒಂದು ಹಳದಿ ತುಂಡು ಎಳೆದರು, ಅದನ್ನು ಬೆರಳಲ್ಲಿ ಉಜ್ಜುತ್ತಾ ಕೂತು, ನಿಮ್ಮ ದೊಡ್ಡ ಮಗಳ ಫ್ರಾಕು, ಅವಳ ಕೆಮ್ಮು ಹೇಗಿದೆ ಅಂತ ಕೇಳಿದರು ಎಂದರು. ಯಾರೇ ಬಂದರೂ ಅವಳು ಹಾಗೆಯೇ ಮಾಡುತ್ತಿದ್ದಳಂತೆ. ನಾನು ಅದೇ ಕೋಣೆಯಲ್ಲಿ ಕೂತು ಪೇಪರು ಓದಿಕೊಂಡು ಅಷ್ಟೂ ದಿನ ಅದನ್ನು ನೋಡಿರಲಿಲ್ಲ.

ಅಂದೇ ಬೊಂಬೆಯ ಹೆಂಗಸನ್ನು ಹುಡುಕಿಕೊಂಡು ಹೋದೆ. ಅವಳ ಗ್ಯಾರೇಜಿನಲ್ಲಿ ಒಂದು ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಕರಡಿ, ಮೊಲ, ಆನೆ. ನನ್ನ ಮಾತು ಕೇಳಿ ಅವಳು ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟಳು. ದೊಡ್ಡ ತುಂಡುಗಳೆಲ್ಲ ಬೊಂಬೆಗಳ ಮೈಯಾಗಿ ಮಾರಾಟವಾಗಿವೆ, ಸಣ್ಣವನ್ನು ಕತ್ತರಿಸಿ ಹೊಟ್ಟೆಗೆ ತುಂಬಿದ್ದೇನೆ ಎಂದಳು. ಒಂದು ಮೊಲವನ್ನು ಕೈಗೆತ್ತಿಕೊಂಡು, "ಬೇಕಾದ್ರೆ ಇದರ ಹೊಲಿಗೆ ಬಿಚ್ಚಿ ಕೊಡ್ಲಾ ಸಾರ್?" ಎಂದು ಕೇಳಿದಳು. ಬಿಚ್ಚಿಯೂ ಬಿಚ್ಚಿದಳು, ಪಾಪ. ಒಳಗಿದ್ದದ್ದು ಬೆರಳಗಲದ ಚೂರುಗಳು. ಯಾವುದು ಯಾರ ಮಗಳ ಫ್ರಾಕೆಂದು ನನಗೆ ಹೇಗೆ ಗೊತ್ತಾಗಬೇಕು? ಒಂದು ಹಿಡಿ ಜೇಬಿಗೆ ಹಾಕಿಕೊಂಡು ಬಂದೆ.

ಆಮೇಲೆ ನಾನು ಮಾಡಿದ್ದನ್ನು ಮಗಳು ಹುಚ್ಚು ಎಂದಳು. ಆದರೂ ಹತ್ತು ದಿನ ತಾಯಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಳು. ಫೋನಿನ ಫೋಟೋಗಳನ್ನು ದೊಡ್ಡದಾಗಿ ತೆಗೆಸಿ ಗೋಡೆಗೆ ಅಂಟಿಸಿದೆ. ಗುಂಡಿಗಳನ್ನೆಲ್ಲ ಬೆರೆಸಿ ಔಷಧದ ಸೀಸೆಗೆ ಸುರಿದೆ. ರಸೀದಿಯನ್ನು ಉಪ್ಪಿನ ಡಬ್ಬಿಯ ಅಡಿಗಿಟ್ಟೆ. ಮೊಳೆ ಹೊಡೆದೆ, ಕ್ಯಾಲೆಂಡರು ಇರಲಿಲ್ಲ, ಕತ್ತರಿಯನ್ನಷ್ಟೇ ತೂಗುಹಾಕಿದೆ. ಊರಿನ ದರ್ಜಿಗಳ ಅಂಗಡಿಗಳಿಂದ ಚಿಂದಿ ಬೇಡಿ ತಂದೆ. ಚಿತ್ರದಲ್ಲಿ ಕಾಣುವ ಬಣ್ಣಗಳನ್ನೇ ಆರಿಸಿ, ಯಾವುದರ ಮೇಲೆ ಯಾವುದಿತ್ತೋ ಹಾಗೆಯೇ ಪೇರಿಸಿದೆ. ಟೀಚರಮ್ಮ ಹಳೆಯ ಫ್ರಾಕನ್ನು ಹುಡುಕಿ ಅದರ ಅಂಚಿನಿಂದ ಒಂದು ತುಂಡು ಕತ್ತರಿಸಿ ಕೊಟ್ಟರು. ಅದನ್ನು ಗುಡ್ಡೆಯ ಮೇಲೆ, ಕೈಗೆ ಸಿಗುವಂತೆ ಇಟ್ಟೆ. ಡಬ್ಬಿಗಳ ಚೀಟಿಗಳನ್ನು ಮಾತ್ರ ಕೀಳಲಿಲ್ಲ; ಅಂಟು ಗಟ್ಟಿಯಾಗಿ ಹಿಡಿದಿತ್ತು. ಹತ್ತನೆಯ ದಿನ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರೆ, ಮೊದಲು ಮೈ ಉರಿಸುತ್ತಿದ್ದ ಅದೇ ಮೂಲೆ. ನೆಲಕ್ಕೆ ಹಣೆ ಹಚ್ಚಿ, ದೇವರೇ, ಇದೊಂದು ಸಲ ಎಂದೆ.

ಮಗಳು ಅವಳನ್ನು ಮಧ್ಯಾಹ್ನ ತಂದುಬಿಟ್ಟು ಕೆಲಸಕ್ಕೆ ಹೋದಳು. ನನ್ನ ಹೆಂಡತಿ ಹೊಸಿಲಲ್ಲೇ ನಿಂತು ಒಳಗೆಲ್ಲ ಕಣ್ಣಾಡಿಸಿದಳು. ನೆಂಟರ ಮನೆಗೆ ಬಂದವರಂತೆ ಚಪ್ಪಲಿಯನ್ನು ಜೋಡಿಸಿ ಬಿಟ್ಟಳು. ಯಂತ್ರದ ಹತ್ತಿರ ಹೋಗಿ ಬಗ್ಗಿ ಹಳದಿ ತುಂಡನ್ನು ಎತ್ತಿಕೊಂಡಳು. ಅವಳು ಅದನ್ನು ತಿರುಗಿಸಿ ನೋಡಿ, ನಾಲ್ಕಾಗಿ ಮಡಚಿದಳು. ಇನ್ನೊಂದನ್ನು ಎತ್ತಿ ಮಡಚಿದಳು. ಮತ್ತೊಂದನ್ನು. ಕೈಗಳು ಅವಸರ ಮಾಡುತ್ತಿದ್ದವು.

ಬಿಡು, ಅದು ಹಾಗೇ ಇರಲಿ, ನಿನ್ನದೇ ಮೂಲೆ ಎಂದೆ. ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ. ಗುಂಡಿಯ ಸೀಸೆಯನ್ನು ನೆಲಕ್ಕೆ ಸುರಿದು ಬಿಳಿಯವನ್ನು ಒಂದು ಕಡೆ, ಕರಿಯವನ್ನು ಒಂದು ಕಡೆ ಸರಿಸತೊಡಗಿದಳು. ಆಮೇಲೆ ತಲೆಯೆತ್ತಿ, ಪರಿಚಯವಿಲ್ಲದವರ ಹತ್ತಿರ ಉಪಕಾರ ಕೇಳುವ ದನಿಯಲ್ಲಿ ಹೇಳಿದಳು:

"ನೀವು ಸ್ವಲ್ಪ ಕೈ ಹಾಕ್ತೀರಾ? ನಮ್ಮ ಮನೆಯವರು ಡಿಪೋದಿಂದ ಬರೋ ಹೊತ್ತಾಯ್ತು."

ನಾನು ಅವಳೆದುರು ಕೂತೆ. ಗುಂಡಿಗಳನ್ನು ಬಣ್ಣದ ಪ್ರಕಾರ ಆರಿಸಿದೆ. ಬಟ್ಟೆ ಮಡಚಿದೆ. ಅವಳು ಡಬ್ಬಿಗಳ ಮೇಲಿನ ಚೀಟಿಗಳನ್ನು ಬೆರಳಿಟ್ಟು ಒಂದೊಂದಾಗಿ ಓದಿ, ಒಂದೂ ತಪ್ಪಿಲ್ಲದೆ ತುಂಬಿದಳು. ನೆಲ ಬರಿದಾಯಿತು. ಅವಳು ಗೋಡೆಗೆ ಒರಗಿ ಬಾಗಿಲ ಕಡೆ ನೋಡುತ್ತಾ ಕೂತಳು.

"ಎಲ್ಲ ಸರಿಯಾಗಿದೆಯಮ್ಮಾ. ಅವರು ಏನೂ ಅನ್ನಲ್ಲ" ಎಂದೆ.

ಅವಳು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ.

"ನಿಮಗೆ ಅವರು ಗೊತ್ತಿಲ್ಲ ಬಿಡಿ" ಎಂದಳು.