ಕಾದು ಕಾದು ಸಾಕು

ಚಂದ್ರಹಾಸ ಮೊಬೈಲ್ ಕೊಂಡಿದ್ದು ಮಗಳ ಜೊತೆ ಮಾತಾಡಲಿಕ್ಕೆ. ಅದನ್ನು ಬಿಟ್ಟು ಬೇರೆ ಯಾವ ಘನಕಾರ್ಯವೂ ಅವನಿಗಿರಲಿಲ್ಲ. ತುಮಕೂರು ಕಡೆಯ ಈ ಇಂಜಿನಿಯರ್ ವಿಶಾಖಪಟ್ನದ ಉಕ್ಕಿನ ಕಾರ್ಖಾನೆಯಲ್ಲಿದ್ದ. ಹೆಂಡತಿ ಅನುಸೂಯಾಳನ್ನು ಅವಳ ಬ್ಯಾಂಕಿನವರು ವಿಜಯವಾಡಕ್ಕೆ ಎತ್ತಿ ಹಾಕಿದ್ದರು. ಐದು ವರ್ಷದ ಶ್ರಾವ್ಯಾ ಅಮ್ಮನ ಜೊತೆಗಿದ್ದಳು. ನಡುವೆ ಅರ್ಧ ದಿನದ ರೈಲು.

ಲ್ಯಾಂಡ್‌ಲೈನ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಅವನ ಅರ್ಜಿ ಕೇಬಲ್ ಇಲ್ಲವೆಂಬ ಕಾರಣಕ್ಕೆ ಎಲ್ಲೋ ಸುಖವಾಗಿ ಮಲಗಿತ್ತು. ಟೌನ್‌ಶಿಪ್ಪಿನ ಎಸ್‌ಟಿಡಿ ಬೂತಿನವನು, ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಬೂತಿನಲ್ಲಿ ಇಡ್ಲಿ ಹಿಟ್ಟು ಮಾರತೊಡಗಿದ್ದ. ಹಾಗಾಗಿ ಚಂದ್ರಹಾಸ 'ಸುಸ್ವರ' ಎಂಬ ಕಂಪನಿಯ ಮಾತು ನಂಬಿ ಎರಡು ವರ್ಷದ ಕರಾರಿಗೆ ಸಹಿ ಹಾಕಿದ. ಗಂಡನಿಗೊಂದು, ಹೆಂಡತಿಗೊಂದು ಸೆಟ್ಟು. ಹೆಂಡತಿಯದು ವಿಜಯವಾಡದಲ್ಲಿ ಗಂಟೆಯ ಹಾಗೆ ಕೇಳುತ್ತಿತ್ತು. ಗಂಡನದು ಕ್ವಾರ್ಟರ್ಸಿನೊಳಗೆ ಬಂದ ಕೂಡಲೇ ಮೌನವ್ರತ ಹಿಡಿಯುತ್ತಿತ್ತು.

ಬಚ್ಚಲುಮನೆಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರೆ ಒಂದೆರಡು ಚೂರು ಮಾತು ದಾಟುತ್ತಿತ್ತು. ದಿನಾ ಸಂಜೆ ಅವನು ಹಾಗೇ ಜೋತುಬಿದ್ದು, "ಹಲೋ... ಹಲೋ... ಕೇಳ್ತಾ ಐತಾ?... ಈಗ?" ಎನ್ನುತ್ತಿದ್ದ. ಇವತ್ತು ಶಾಲೆಯಲ್ಲಿ ಏನಾಯಿತು ಎಂದು ಕೇಳುವಷ್ಟರಲ್ಲಿ ಫೋನು ಸತ್ತಿರುತ್ತಿತ್ತು.

ಒಮ್ಮೆ ರಜೆ ಹಾಕಿ ವಿಜಯವಾಡಕ್ಕೆ ಹೋದಾಗ ಶ್ರಾವ್ಯಾ ಪಕ್ಕದ ಮನೆಯ ಹುಡುಗಿಯ ಜೊತೆ ಮನೆಯಾಟ ಆಡುತ್ತಿದ್ದಳು. ಆ ಹುಡುಗಿ ಅಮ್ಮ, ಇವಳು ಅಪ್ಪ. ಅಮ್ಮನಾದವಳು ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಬ್ಯಾಂಕಿಗೂ ಹೋಗಿ ಬಂದಳು. ಅಪ್ಪನ ಸರದಿ ಬಂದಾಗ ಶ್ರಾವ್ಯಾ ಬಾಚಣಿಗೆಯನ್ನು ಕಿವಿಗೆ ಹಿಡಿದು, ಗೋಡೆಯ ಕಡೆ ಕತ್ತು ಚಾಚಿ, "ಹಲೋ... ಹಲೋ... ಕೇಳ್ತಾ ಐತಾ?... ಈಗ?" ಎಂದಳು. ಆಮೇಲೆ ಬಾಚಣಿಗೆ ಕೆಳಗಿಟ್ಟು ತೆಲುಗಿನಲ್ಲಿ, "ಅಂತೇ," ಎಂದಳು. ಅಷ್ಟೇ, ಅಪ್ಪನ ಪಾತ್ರ ಮುಗಿಯಿತು.

ಅನುಸೂಯಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಚಂದ್ರಹಾಸನೂ ನಕ್ಕ. ಆದರೆ ಒಳಗೊಳಗೇ ಅವನಿಗೆ, ಹೀಗೇ ಬಿಟ್ಟರೆ ಈ ಮಗಳು ನನ್ನನ್ನು ಬಾಚಣಿಗೆಯಾಗಿಯೇ ನೆನಪಿಡುತ್ತಾಳೆ ಎನಿಸಿತು. ಸುಸ್ವರವನ್ನು ಬಿಡಲೇಬೇಕೆಂದು ಅಲ್ಲೇ ತೀರ್ಮಾನಿಸಿದ.

ಬಿಡುವುದು ಹೇಗೆ? ಕ್ವಾರ್ಟರ್ಸಿನ ಪಕ್ಕದ ಮನೆಯ ರಾಮಮೋಹನ್ ಅವರ ಬಳಿ ಬೇರೆ ಕಂಪನಿಯ ಫೋನಿತ್ತು, ಅದು ಬೀರುವಿನೊಳಗಿಟ್ಟರೂ ಕೂಗುತ್ತಿತ್ತು. ಆದರೆ ಟೌನ್‌ಶಿಪ್ಪಿನ ಆಫೀಸಿನವರು ವಿಳಾಸ ದೃಢೀಕರಿಸಿಕೊಡುವುದು ಮನೆಗೊಂದೇ ಮೊಬೈಲಿಗೆ. ಹಳೆಯದು ರದ್ದಾಗದೆ ಹೊಸದಿಲ್ಲ. ಸುಸ್ವರದವರ ಕರಾರಿನಲ್ಲೋ, ಮನೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಮಾತ್ರ ಅವಧಿಗೆ ಮುಂಚೆ ಬಿಡುಗಡೆ. ಸಿಗ್ನಲ್ ಇಲ್ಲವೆಂದು ಗ್ರಾಹಕರು, ಕಂಪನಿಯವರು ಅದೇ ಫೋನಿಗೆ ಕರೆ ಮಾಡಿದಾಗ, ಬಾಯಾರೆ ಹೇಳಬೇಕು.

"ಸಿಗ್ನಲ್ ಇಲ್ದಿರೋ ಫೋನಿಗೆ ನೀವು ಹೆಂಗ್ರೀ ಫೋನ್ ಮಾಡ್ತೀರ?" ಎಂದು ಅವನು ಸುಸ್ವರದ ಅಂಗಡಿಯ ಕೌಂಟರಿನಲ್ಲಿ ತನ್ನ ಹರುಕು ತೆಲುಗಿನಲ್ಲಿ ಕೇಳಿದ.

"ಮೇಮು ಟ್ರೈ ಚೇಸ್ತಾಂ ಸಾರ್," ಎಂದು ಕೌಂಟರಿನವನು ಭರವಸೆ ಕೊಟ್ಟ.

ಅವರು ನಿಜಕ್ಕೂ ಪ್ರಯತ್ನ ಮಾಡಿದರು. ಫೋನು ತಗಲಲಿಲ್ಲ. ಗ್ರಾಹಕರು ಸಂಪರ್ಕಕ್ಕೆ ಸಿಗದ ಕಾರಣ ದೂರು ಮುಕ್ತಾಯವಾಗಿದೆ ಎಂದು ತಿಳಿಸಿದರು. ಇನ್ನೊಮ್ಮೆ ದೂರು ಕೊಟ್ಟ, ಇನ್ನೊಮ್ಮೆ ಮುಕ್ತಾಯವಾಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ದೇವರೂ ಪೂಜಾರಿಯೂ ಒಬ್ಬರೇ ಆಗಿದ್ದರು.

ಟೌನ್‌ಶಿಪ್ಪಿನಲ್ಲಿ ಸುಸ್ವರ ನೆಟ್ಟಗೆ ಕೇಳುವ ಜಾಗ ಒಂದೇ ಇತ್ತು, ನೀರಿನ ಟ್ಯಾಂಕಿನ ನೆತ್ತಿ. ಕಾವಲಿನವರು ಯಾರನ್ನೂ ಅಲ್ಲಿಗೆ ಹತ್ತಗೊಡುತ್ತಿರಲಿಲ್ಲ. ಚಂದ್ರಹಾಸ ಅವರ ಸಾಹೇಬರ ಕೈಕಾಲು ಹಿಡಿದು ಒಂದೇ ಒಂದು ದಿನದ ಮಟ್ಟಿಗೆ ಅಪ್ಪಣೆ ಪಡೆದ. ಕಂಪನಿಯವರು, "ಬೆಳಿಗ್ಗೆಯಿಂದ ಸಂಜೆಯೊಳಗೆ ಯಾವಾಗಲಾದರೂ ಫೋನ್ ಮಾಡುತ್ತೇವೆ," ಎಂದಿದ್ದರು. ರಜೆ ಹಾಕಿ, ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು, ತಲೆಗೆ ಟವಲು ಸುತ್ತಿ ಹತ್ತಿ ಕೂತ.

ಆಂಧ್ರದಲ್ಲಿ ಟ್ಯಾಂಕು ಹತ್ತಿದವನು ಸುಮ್ಮನೆ ಹತ್ತಿರುವುದಿಲ್ಲ, ಅವನಿಗೊಂದು ಬೇಡಿಕೆ ಇರುತ್ತದೆ, ಈಡೇರದಿದ್ದರೆ ಹಾರುತ್ತಾನೆಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಬಿಸಿಲೇರುವ ಹೊತ್ತಿಗೆ ಕೆಳಗೆ ಜನ ನೆರೆಯಿತು. ರಾಮಮೋಹನ್, ದುಡುಕಬೇಡಿ, ಇಳಿದು ಬನ್ನಿ, ಮಾತಾಡೋಣ ಎಂದು ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು: "ಚಂದ್ರಹಾಸ ಗಾರೂ, ತೊಂದರಪಡಕಂಡಿ! ದಿಗಂಡಿ, ಮಾಟ್ಲಾಡುಕುಂದಾಂ!"

"ಫೋನ್ ಬಂದ್ರೆ ಇಳೀತೀನಿ!" ಎಂದು ಚಂದ್ರಹಾಸ ಮೇಲಿನಿಂದ ಕೂಗಿದ.

ಯಾರ ಫೋನು ಎಂಬುದರ ಬಗ್ಗೆ ಕೆಳಗೆ ಚರ್ಚೆ ನಡೆಯಿತು. ಕಲೆಕ್ಟರದು ಎಂದರು ಕೆಲವರು. ಮಂತ್ರಿಯದಾದರೆ ಮಾತ್ರ ಇಳಿಯುತ್ತಾನೆ ಎಂದರು ಇನ್ನು ಕೆಲವರು. ಕನ್ನಡದವರು ಬಹಳ ಮೆತ್ತಗಿನ ಜನ, ಪಾಪ ಎಷ್ಟು ನೊಂದಿರಬೇಕು ಎಂದು ಹೆಂಗಸರು ಮರುಗಿದರು. ಯಾರೋ ಮಜ್ಜಿಗೆಯನ್ನು ಹಗ್ಗಕ್ಕೆ ಕಟ್ಟಿ ಕಳಿಸಿದರು, ಅವನು ಅದನ್ನು ಕುಡಿದ.

ಸಮುದ್ರದ ಗಾಳಿಗೆ ಟವಲು ಹಾರಿಹೋಯಿತು. ಚಿತ್ರಾನ್ನ ಮುಗಿಯಿತು. ನೆತ್ತಿ ಕಾದು ಹಂಚಾಯಿತು. ಅಪ್ಪಣೆಯ ಅವಧಿ ಇನ್ನೇನು ಮುಗಿಯಬೇಕು, ಕಾವಲಿನವನು ಏಣಿಗೆ ಕೈ ಹಚ್ಚಿದ್ದಾನೆ, ಆಗ ಫೋನು ಬಡಿದುಕೊಂಡಿತು. ಆ ಕಡೆಯ ಹುಡುಗಿ ಜೇನಿನಂಥ ತೆಲುಗಿನಲ್ಲಿ, ಸಿಗ್ನಲ್ ಇಲ್ಲವೆಂದೇ ತಾವು ಕನೆಕ್ಷನ್ ಬೇಡವೆನ್ನುತ್ತಿದ್ದೀರಾ ಎಂದು ಕೇಳಿದಳು. ಇಡೀ ದಿನದ ಬಿಸಿಲು ಚಂದ್ರಹಾಸನ ನಾಲಿಗೆಗೆ ಬಂತು. ಕಲಿತ ತೆಲುಗೆಲ್ಲ ಆವಿಯಾಗಿ ತುಮಕೂರೊಂದೇ ಉಳಿಯಿತು.

"ಕಾದು... ಕಾದು... ಸಾಕು! ಸಾಕು ಕಣಮ್ಮ!"

"ಥ್ಯಾಂಕ್ಯೂ ಸಾರ್," ಎಂದು ಹುಡುಗಿ ಫೋನಿಟ್ಟಳು. ಚಂದ್ರಹಾಸ ಗೆದ್ದವನ ಹಾಗೆ ಇಳಿದು ಬಂದ. ಜನ ಚಪ್ಪಾಳೆ ತಟ್ಟಿದರು.

ಎರಡು ದಿನದ ಮೇಲೆ ದೂರು ಮತ್ತೆ ಮುಕ್ತಾಯವಾಗಿತ್ತು. ಈ ಸಲದ ಕಾರಣ, ಗ್ರಾಹಕರೇ ತಪ್ಪೊಪ್ಪಿಕೊಂಡಿದ್ದಾರೆ ಎಂಬುದು. ಹೆಚ್ಚಿಗೆ ಮಾತಾಡಬೇಕಾದರೆ ವಿಜಯವಾಡದ ದೊಡ್ಡ ಆಫೀಸಿಗೆ ಹೋಗಿ ಎಂದರು. ಅವನು ಮುಂದಿನ ರಜೆಯಲ್ಲಿ ರೈಲು ಹತ್ತಿದ. ಮಗಳಿಗೆಂದು ಅನಕಾಪಲ್ಲಿಯ ಬೆಲ್ಲದ ಅಚ್ಚೊಂದನ್ನು ಎಂದಿನಂತೆ ಚೀಲದಲ್ಲಿಟ್ಟುಕೊಂಡಿದ್ದ. ಅನುಸೂಯಾ ಬ್ಯಾಂಕಿಗೆ ಹೋದ ಮೇಲೆ ಶ್ರಾವ್ಯಾಳ ಕೈಹಿಡಿದು ಸುಸ್ವರದ ಆಫೀಸಿಗೆ ಹೋದ.

ಅಲ್ಲಿದ್ದ ಅಧಿಕಾರಿಣಿ ರಾಜ್ಯಲಕ್ಷ್ಮಿ ಎಂಬವರು, ತುಂಬ ಮರ್ಯಾದಸ್ಥೆ. "ಕೂರ್ಚೋಂಡಿ ಸಾರ್, ಚೆಪ್ಪಂಡಿ," ಎಂದು ಕುರ್ಚಿ ತೋರಿಸಿದರು. ಕತೆಯೆಲ್ಲ ಕೇಳಿ ನಿಟ್ಟುಸಿರು ಬಿಟ್ಟು, ತಮ್ಮ ಹತ್ತಿರ ರೆಕಾರ್ಡಿಂಗ್ ಇದೆ, ತಾವೇ ಕೇಳಿ ಎಂದು ಕಂಪ್ಯೂಟರಿನ ಗುಂಡಿ ಒತ್ತಿದರು. ಟ್ಯಾಂಕಿನ ಗಾಳಿಯ ಸಮೇತ ಅವನ ದನಿ ಕೋಣೆಯ ತುಂಬ ಮೊಳಗಿತು. ಕಾದು. ಕಾದು. ಸಾಕು.

"ಮೀರೇ ಅನ್ನಾರು ಕದಾ ಸಾರ್," ಎಂದರು ರಾಜ್ಯಲಕ್ಷ್ಮಿ, ತಾವೇ ಅಂದಿದ್ದೀರಲ್ಲ ಎಂಬ ಬೇಸರದಿಂದ.

ಚಂದ್ರಹಾಸನಿಗೆ ಆಗ ಹೊಳೆಯಿತು. ಹೊಳೆದು ಮೈಯೆಲ್ಲ ಬೆವರಿತು. ತೆಲುಗಿನಲ್ಲಿ ಕಾದು ಎಂದರೆ ಅಲ್ಲ. ಸಾಕು ಎಂದರೆ ನೆಪ. ಸಿಗ್ನಲ್ ಇಲ್ಲವೆಂದು ಬಿಡುತ್ತಿದ್ದೀರಾ ಎಂದು ಕೇಳಿದರೆ ಅವನು, ಅಲ್ಲ, ಅಲ್ಲ, ಬರೀ ನೆಪ ಎಂದು ಟ್ಯಾಂಕಿನ ಮೇಲಿಂದ ಸಾರಿದ್ದ! ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ಇವನು ಎರಡು ಮಾತು ಅರ್ಧರ್ಧ ಬಲ್ಲವನು, ಅದಕ್ಕೆ ಗಾದೆಯಲ್ಲಿ ಜಾಗವಿರಲಿಲ್ಲ. ವಿವರಿಸಲು ಹೊರಟರೆ ಬಾಯಿಗೆ ಮತ್ತೆ ಕಾದು, ಸಾಕು ಎಂಬವೇ ಬಂದು ಅಪರಾಧ ದುಪ್ಪಟ್ಟಾಗತೊಡಗಿತು.

ಬೆಲ್ಲ ಚೀಪುತ್ತಿದ್ದ ಶ್ರಾವ್ಯಾ ಆಗ ಅಪ್ಪನನ್ನೂ ಕಂಪ್ಯೂಟರನ್ನೂ ಬದಲಿಸಿ ಬದಲಿಸಿ ನೋಡಿದಳು. "ಅಪ್ಪಾ, ಅದ್ರೊಳಗೆ ಮಾತಾಡಿದ್ದು ನೀನಾ? ನೀನು ಫೋನಲ್ಲಿ ಹಂಗೆ ಮಾತಾಡಲ್ವಲ್ಲ," ಎಂದಳು. ಆಮೇಲೆ ಆಂಟಿಯ ಕಡೆ ತಿರುಗಿ, ದೊಡ್ಡವರ ದಡ್ಡತನಕ್ಕೆ ಬೇಸತ್ತವಳಂತೆ ತೆಲುಗಿನಲ್ಲಿ ಹೇಳಿದಳು: "ಅದಿ 'ಕಾದು' ಕಾದು ಆಂಟೀ, 'ಕಾದು'!"

ರಾಜ್ಯಲಕ್ಷ್ಮಿ ಕನ್ನಡಕ ತೆಗೆದರು. "ಕಾದು, ಕಾದಾ?"

"ಕಾದು. ಮಾ ನಾನ್ನ ಭಾಷಲೋ ಕಾದು ಅಂಟೇ ಎದುರುಚೂಸಿ. ಸಾಕು ಅಂಟೇ ಚಾಲು."

ಅಪ್ಪನ ಭಾಷೆಯಲ್ಲಿ ಅದು ದಾರಿ ನೋಡಿ ನೋಡಿ ಬೇಜಾರಾಯಿತು ಎಂದಾಗುತ್ತದೆಂದು ಐದು ವರ್ಷದವಳು ಇಷ್ಟು ಸಲೀಸಾಗಿ ಹೇಳಿದ್ದು ಕೇಳಿ ಚಂದ್ರಹಾಸನಿಗೆ ಹೆಮ್ಮೆಯೂ ಆಯಿತು, ಅಪ್ಪನ ಭಾಷೆ ಎಂದದ್ದಕ್ಕೆ ಚುಚ್ಚಿದಂತೆಯೂ ಆಯಿತು. ರಾಜ್ಯಲಕ್ಷ್ಮಿ ನಗು ತಡೆಯಲಾರದೆ, "ಮತ್ತೆ ನಿಮ್ಮ ನಾನ್ನ ಫೋನಿನಲ್ಲಿ ಹೇಗೆ ಮಾತಾಡುತ್ತಾರೆ?" ಎಂದು ಕೇಳಿದರು. ಶ್ರಾವ್ಯಾ ಬೆಲ್ಲದ ತುಂಡನ್ನೇ ಕಿವಿಗೆ ಹಿಡಿದು, ಕತ್ತು ಚಾಚಿ ಹೇಳಿ ತೋರಿಸಿದಳು. "ಹ...ಲೋ... ಹಲೋ... ಕೇಳ್ತಾ ಐತಾ?... ಈಗ?... ಅಂತೇ."

ರಾಜ್ಯಲಕ್ಷ್ಮಿಯವರ ನಗು ನಿಂತಿತು. ಆಮೇಲೆ ಕಂಪ್ಯೂಟರ್ ಎಳೆದುಕೊಂಡು ಕನೆಕ್ಷನ್ ರದ್ದು ಮಾಡಲು ಕೂತರು. ಅಲ್ಲೂ ಒಂದು ತೊಡಕು. ಕಂಪನಿಯ ನಕ್ಷೆಯಲ್ಲಿ ಆ ಟೌನ್‌ಶಿಪ್ಪಿಗೆಲ್ಲ ಹಸಿರು ಬಳಿದಿದ್ದರಿಂದ, ಸಿಗ್ನಲ್ ಇಲ್ಲ ಎಂಬ ಕಾರಣವನ್ನು ಕಂಪ್ಯೂಟರ್ ಒಪ್ಪಲಿಲ್ಲ. ಗ್ರಾಹಕರು ತೀರಿಕೊಂಡಿದ್ದಾರೆ ಎಂದು ಹಾಕಲೇ ಎಂದು ಅವರು ವಿನಯದಿಂದ ಕೇಳಿದರು. ಚಂದ್ರಹಾಸ ಬೇಡವೆಂದ. ಕಡೆಗೆ, ಗ್ರಾಹಕರಿಗೆ ಭಾಷೆ ಬರುವುದಿಲ್ಲ ಎಂಬ ಕಾರಣಕ್ಕೆ ಅವನ ಸೆಟ್ಟಿನ ಕರಾರು ರದ್ದಾಯಿತು.

ವಾರ ಕಳೆದ ಮೇಲೆ ವಿಶಾಖಪಟ್ನದ ಕ್ವಾರ್ಟರ್ಸಿನಲ್ಲಿ ಚಂದ್ರಹಾಸ ಹೊಸ ಫೋನು ಹಿಡಿದು ಮಂಚದ ಮೇಲೆ ಕಾಲು ಚಾಚಿ ಕೂತ. ಸಿಗ್ನಲ್ ತುಂಬಿ ತುಳುಕುತ್ತಿತ್ತು. ಏನೇನು ಕೇಳಬೇಕೆಂದು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಿದ್ದ. ಅನುಸೂಯಾಳ ಫೋನನ್ನು ಎತ್ತಿದ್ದು ಶ್ರಾವ್ಯಾ.

"ಶ್ರಾವ್ಯಾ, ಊಟ ಆಯ್ತಾ ಪುಟ್ಟೀ? ಇವತ್ತು ಸ್ಕೂಲಲ್ಲಿ ಏನ್ ಹೇಳ್ಕೊಟ್ರು?" ಎಂದ. ಒಂದು ಅಕ್ಷರವೂ ತುಂಡಾಗಲಿಲ್ಲ.

ಆ ಕಡೆಯಿಂದ ಪರಕೀಯರನ್ನು ಕೇಳುವ ಅಚ್ಚುಕಟ್ಟಾದ ತೆಲುಗಿನಲ್ಲಿ, "ಎವರಂಡಿ ಮಾಟ್ಲಾಡೇದಿ?" ಎಂಬ ಪ್ರಶ್ನೆ ಬಂತು.

"ನಾನು ಕಣೇ, ಅಪ್ಪ."

"ಕಾದು," ಎಂದಳು ಶ್ರಾವ್ಯಾ. ಈ ಸಲ ಅದು ತೆಲುಗಿನದೇ. ಫೋನಿನಿಂದ ಬಾಯಿ ತೆಗೆದು, "ಅಮ್ಮಾ, ಯಾರೋ ಅಂಕಲ್ಲು," ಎಂದು ಕೂಗಿದ್ದೂ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಅಲ್ಲಿ ಫ್ಯಾನು ತಿರುಗುವುದೂ ಕೇಳುತ್ತಿತ್ತು.

ಅವಳು ಫೋನಿಟ್ಟುಬಿಟ್ಟಾಳೆಂದು ಗಾಬರಿಯಾಗಿ ಚಂದ್ರಹಾಸ ಎದ್ದು ಬಚ್ಚಲುಮನೆಗೆ ಓಡಿದ. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಫೋನನ್ನು ಕೈಯುದ್ದ ದೂರ ಹಿಡಿದು, ಮಾತನ್ನು ತಾನೇ ತುಂಡು ತುಂಡು ಮಾಡಿ ಕೂಗಿದ.

"ಹ...ಲೋ... ಹಲೋ... ಕೇಳ್ತಾ... ಐತಾ?... ಈಗ?"

"ಅಪ್ಪಾ!" ಎಂದು ಶ್ರಾವ್ಯಾ ಕಿರುಚಿದಳು. ಪಕ್ಕದ ಮನೆಯ ರಾಮಮೋಹನ್ ಕಿಟಕಿ ತೆರೆದು ನೋಡಿದರು. ಅವಳು ಊಟದ್ದು, ಶಾಲೆಯದ್ದು, ಬಿದ್ದುಹೋದ ಹಲ್ಲಿನದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳತೊಡಗಿದಳು. ಚಂದ್ರಹಾಸ ಬಹಳ ಹೊತ್ತು ಕಿಟಕಿ ಬಿಟ್ಟು ಒಳಗೆ ಬರಲಿಲ್ಲ.